ಬಿಸಿಲಿಗೆ ಹಾಕಿದ ಬ್ಲೀಚಿಂಗ್ ಪುಡಿ

ಮರದ ವ್ಯಾಪಾರಿ ಅಬ್ದುಲ್ ರಹ್ಮಾನ್ ಸಾಹುಕಾರರು ಮಣ್ಣಗುಡ್ಡದಲ್ಲಿ ಬಿಳಿಯ ದೊರೆಯೊಬ್ಬನ ಬಂಗಲೆ ಕೊಂಡಾಗ ಜೊತೆಗೆ ಒಂದು ಈಜುಕೊಳವೂ ಬಂತು. ಸಾಹುಕಾರರಿಗೆ ಈಜು ಬಾರದು. ಆದರೂ ಅಕ್ಕಪಕ್ಕದವರಿಗೆ ಇಲ್ಲದ್ದನ್ನು ಮುಚ್ಚಿಸಲು ಮನಸ್ಸಾಗಲಿಲ್ಲ. ಭುಜದ ನೋವಿನಿಂದ ಬಲೆ ಎಳೆಯಲಾಗದೆ ದೋಣಿ ಬಿಟ್ಟಿದ್ದ ಮೊಗವೀರರ ಚೆನ್ನಪ್ಪನನ್ನು, ಹೇಗೂ ನೀರಿನ ಮನುಷ್ಯನೆಂದು, ಕೊಳ ನೋಡಿಕೊಳ್ಳಲು ಇಟ್ಟರು. ಅವನೂ ಹೆಂಡತಿ ಸುಂದರಿಯೂ ಹಿತ್ತಿಲಿನ ಕೋಣೆಗೆ ಬಂದರು.

ನೀರು ಮಾತ್ರ ಕೆಸುವಿನ ಎಲೆಯಂತೆ ಹಸಿರಾಯಿತು. ಸಾಹುಕಾರರ ಪರೀಕ್ಷೆ ಸರಳ. ಪ್ರತಿ ಸೋಮವಾರ ಚಹಾ ಕುಡಿದು ಬಿಳಿ ಸಾಸರನ್ನು ಕೊಳಕ್ಕೆ ಹಾಕುವರು. ತಳದಲ್ಲಿ ಅದು ಕಾಣಬೇಕು. ಎರಡು ವಾರ ಕಾಣಲಿಲ್ಲ. ಮೂರನೆಯದೂ ಮಾಯವಾದಾಗ ಹೇಳಿದರು: "ಶನಿವಾರದೊಳಗೆ ಕಾಣದಿದ್ದರೆ ಮಣ್ಣು ತುಂಬಿಸ್ತೇನೆ ಚೆನ್ನಪ್ಪ. ಮಲ್ಲಿಗೆ ನೆಡುವ. ಮಲ್ಲಿಗೆ ನೋಡಲು ನೀನು ಬೇಡ."

ಮರುದಿನ ಕೊಳದ ಬಳಿ ದೀಪ ಹಾಕಲು ಕರೆಂಟಿನ ಅಲ್ಫೋನ್ಸ್ ಬಂದ. ಚೆನ್ನಪ್ಪನಿಗೆ ಒಂದು ಆಸೆ ಹುಟ್ಟಿತು.

"ಬಲ್ಬನ್ನು ನೀರಿನ ಹತ್ತಿರ ಇಳಿಬಿಡು ಮಾರಾಯ. ದೋಣಿಯಲ್ಲಿ ಲಾಟೀನು ಕಟ್ಟುವ ಹಾಗೆ. ಸಾಸರ್ ಕಂಡೀತು."

"ಲಾಟೀನು ಬಿದ್ದರೆ ಆರ್ತದೆ. ಇದು ಬಿದ್ದರೆ ನೀನು ಆರ್ತೀ. ಆಮೇಲೆ ಸಾಸರೇ ನಿನ್ನನ್ನು ನೋಡಬೇಕು."

ಅಲ್ಫೋನ್ಸ್ ದೀಪದ ಕಂಬವನ್ನು ದಂಡೆಯಿಂದ ಹನ್ನೆರಡು ಹೆಜ್ಜೆ ದೂರ ನೆಟ್ಟ. ಒಂದು ತಂತಿಯೂ ನೀರಿನ ಮೇಲೆ ಹಾಯದಂತೆ ನೋಡಿಕೊಂಡು, ಸ್ವಿಚ್ಚನ್ನು ಒಣ ಜಗಲಿಯ ಗೋಡೆಗೆ ಹಾಕಿದ. ಒದ್ದೆ ಕೈಯಲ್ಲಿ ಅದನ್ನು ಮುಟ್ಟುವುದಿಲ್ಲವೆಂದು ಚೆನ್ನಪ್ಪನಿಂದ ಸುಂದರಿಯ ಎದುರಿಗೇ ಮಾತು ತೆಗೆದುಕೊಂಡ.

ಹೊರಡುವಾಗ ಹಿತ್ತಿಲಿನ ಚಾಪೆಯ ಮೇಲೆ ಬಿಳಿ ಪುಡಿ ಕಂಡು ನಿಂತ. "ಇದೆಂತ, ಸುಂದರಕ್ಕ? ಉಪ್ಪಾ?"

"ಕೊಳಕ್ಕೆ ಹಾಕುವ ಬ್ಲೀಚಿಂಗ್ ಪುಡಿ. ಕಡಲಿನ ಗಾಳಿಗೆ ಥಂಡಿ ಹಿಡೀತದಲ್ಲ? ದಿನಾ ಬಿಸಿಲಿಗೆ ಹಾಕ್ತೇನೆ. ಮೊದಲು ಎಂಥ ಘಾಟು ಇತ್ತು ಗೊತ್ತುಂಟಾ? ಈಗ ನೋಡಿ, ವಾಸನೆಯೇ ಇಲ್ಲ."

ಹುಟ್ಟಿದಂದಿನಿಂದ ಮೀನು ಒಣಗಿಸಿದವಳ ಹೆಮ್ಮೆ ಆ ಮಾತಿನಲ್ಲಿತ್ತು. ಅಲ್ಫೋನ್ಸ್ ಒಂದು ಚಿಟಿಕೆ ಮೂಸಿದ.

"ಆ ಘಾಟೇ ಅದರ ಜೀವ, ಅಕ್ಕ. ಬಿಸಿಲಿಗೆ ಅದು ಹಾರಿಹೋಗ್ತದೆ. ಇಷ್ಟು ದಿನ ಇವ ಕೊಳಕ್ಕೆ ಬರೀ ಸುಣ್ಣ ಹಾಕಿದ್ದು."

ಚೆನ್ನಪ್ಪ ಹೆಂಡತಿಯನ್ನು ನೋಡಿದ. "ಬಂಗುಡೆ ಮೀನಿಗೂ ಇದಕ್ಕೂ ವ್ಯತ್ಯಾಸ ಉಂಟಂತೆ," ಎಂದ.

"ನನಗೆ ಹೇಳಿದವರು ಯಾರು? ಡಬ್ಬ ತಂದು ಕೊಟ್ಟು, ಹಾಳಾಗದ ಹಾಗೆ ನೋಡು ಅಂದದ್ದು ನೀವೇ."

ಹೊಸ ಡಬ್ಬ ಬಂತು. ಮುಚ್ಚಳ ಬಿಗಿದು ನೆರಳಿನಲ್ಲಿಟ್ಟರು. ಅಲ್ಫೋನ್ಸ್ ಹೇಳಿದಂತೆ ಚೆನ್ನಪ್ಪ ಬಿಸಿಲು ಇಳಿದ ಮೇಲೆ ಬಕೆಟಿನ ನೀರಿಗೆ ಪುಡಿ ಹಾಕಿ ಕದಡಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಕೊಳಕ್ಕೆ ಸುರಿದ. ಗುರುವಾರ ಹಸಿರು ಸತ್ತು ಬೂದಿಯಾಯಿತು. ನೀರು ತಿಳಿಯಾಗಲು ಪಟಿಕ ಹಾಕಿದ ಮೇಲೆ ಆ ಬೂದಿಯೂ ತಳಕ್ಕಿಳಿಯಿತು. ಶುಕ್ರವಾರ ಉದ್ದನೆಯ ಪೊರಕೆಯಿಂದ ತಳದ ಕೆಸರನ್ನು ಮೆಲ್ಲನೆ ಮೂಲೆಗೆ ಗುಡಿಸಿದ.

ಶನಿವಾರ ಬೆಳಿಗ್ಗೆ ಸಾಹುಕಾರರು ಹೆಂಡತಿ ಹಬೀಬಾಳನ್ನೂ ಕರೆದುಕೊಂಡು ಬಂದು ಬಗ್ಗಿ ನೋಡಿದರು. ಸಾಸರ್ ಕಂಡಿತು. ಒಂದಲ್ಲ, ಮೂರೂ, ಅಂಚಿನ ನೀಲಿ ಹೂಗಳ ಸಮೇತ.

"ಇವು ನನ್ನ ತವರಿನ ಸೆಟ್ಟಿನವು," ಎಂದಳು ಹಬೀಬಾ. "ಮೂರು ವಾರದಿಂದ ಅಡಿಗೆಯವಳನ್ನು ಬಯ್ತಾ ಇದ್ದೇನೆ."

ಸಾಹುಕಾರರು ಬೇಗನೆ ಚೆನ್ನಪ್ಪನ ಕಡೆ ತಿರುಗಿದರು. "ನೀರು ಒಳ್ಳೆ ತಿಳಿಯಾಗಿದೆ ಚೆನ್ನಪ್ಪ. ಮಲ್ಲಿಗೆ ಬೇಡ," ಎಂದರು. "ಇಳಿದು ಅವನ್ನು ಬೇಗ ತೆಗಿ."

ಚೆನ್ನಪ್ಪ ನಿಧಾನವಾಗಿಯೇ ಇಳಿದ. ಹಿತ್ತಿಲಿನ ಚಾಪೆಯ ಮೇಲೆ ಸುಂದರಿ ಆಗಲೇ ಬಂಗುಡೆಯನ್ನು ಬಿಸಿಲಿಗೆ ಹರವುತ್ತಿದ್ದಳು.