ಬೆಳಗಿನ ಹೊತ್ತು ಬಾಯಿ ತೆರೆಯುವ ಮೀನು

ಹೊತ್ತು ಮೂಡುವ ಮುಂಚೆ ಏರಿಯ ಮೇಲೆ ಬಂದು ನಿಂತ ಚಿನ್ನಕ್ಕನಿಗೆ ಕುಂಟೆಯ ತುಂಬ ಬಾಯಿಗಳು ಕಂಡವು. ಅಂಗೈಯುದ್ದದ ಕಟ್ಲಾ ಮೀನುಗಳು ನೀರಿನ ಮೇಲಕ್ಕೆ ಬಂದು ಒಂದೇ ಸಮನೆ ಬಾಯಿ ತೆರೆದು ಮುಚ್ಚುತ್ತಿದ್ದವು.

"ಅಸಿದವೆ ಕಣೇ," ಎಂದ ಅವಳ ಅಣ್ಣ ಬೈರಪ್ಪ, ತಲೆಯ ಮೇಲಿನ ಮಂಕರಿ ಇಳಿಸುತ್ತ. "ರೊಪ್ಪದ ಬಾಗ್ಲಾಗೆ ಕುರಿಮರಿ ಬಾಯಿ ಬಿಡಾಕಿಲ್ವಾ, ಅಂಗೇನೆ." ಮಂಕರಿಯಲ್ಲಿದ್ದ ಕುರಿ ಹಿಕ್ಕೆಯನ್ನೆಲ್ಲ ನೀರಿಗೆ ಸುರಿದ.

ಪೆನ್ನಾಗರದಾಚೆಯ ಆ ಒಣ ಸೀಮೆಯಲ್ಲಿ ಅವರ ಕಡೆಯವರು ಯಾರೂ ಮೀನು ಸಾಕಿದ್ದಿಲ್ಲ. ಹೊಲದ ತಗ್ಗಿನ ಕುಂಟೆಯಲ್ಲಿ ಮೀನು ಬಿಡೋಣವೆಂದು ಹಟ ಹಿಡಿದವಳು ಚಿನ್ನಕ್ಕ. ಗೊಬ್ಬರ ಹಾಕಿದರೆ ನೀರು ಹಸಿರಾಗುತ್ತದೆ, ಆ ಹಸಿರಿನಿಂದಲೇ ಮೀನಿಗೆ ಮೇವು ಎಂದು ಮೆಟ್ಟೂರಿನಲ್ಲಿ ಮೀನುಮರಿ ಕೊಟ್ಟವರು ಹೇಳಿದ್ದರು. ರಾಗಿ ಹೊಲಕ್ಕೆ ಹೋಗಬೇಕಿದ್ದ ಹಿಕ್ಕೆ ಕುಂಟೆಗೆ ಬಂತು. ಮೀನು ಬೆಳೆದವು. ಬೈರಪ್ಪ ಹಿಗ್ಗಿ ಇನ್ನಷ್ಟು ಮರಿ ತಂದು ಬಿಟ್ಟ, ಇನ್ನಷ್ಟು ಹಿಕ್ಕೆ ಸುರಿದ. ಈಗ ದಿನವೂ ಒಂದೆರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹೀಗೇ ನಡೆದರೆ ಹಿಡಿಯುವ ಹೊತ್ತಿಗೆ ಕುಂಟೆಯಲ್ಲಿ ಏನೂ ಉಳಿಯದು.

ಹಸಿವೇ ಆಗಿದ್ದರೆ ತಿನ್ನಬೇಕಲ್ಲ? ಮಾರನೆಯ ಬೆಳಿಗ್ಗೆ ಚಿನ್ನಕ್ಕ ಸೆರಗಿನಲ್ಲಿ ತವುಡು ಕಟ್ಟಿಕೊಂಡು ಬಂದಳು. ತೆರೆದ ಬಾಯಿಗಳ ಎದುರಿಗೇ ಚೆಲ್ಲಿದಳು. ತವುಡು ತೇಲಿತು, ಒಂದೂ ಮುಟ್ಟಲಿಲ್ಲ. ಬಿಸಿಲೇರಿದ ಮೇಲೆ ಬಂದು ನೋಡಿದರೆ ಮೇಲೆ ಒಂದು ಬಾಯಿಯೂ ಇಲ್ಲ. ಮತ್ತೆ ಚೆಲ್ಲಿದಳು. ನೀರು ಕುದಿದಂತೆ ಎದ್ದು ಕ್ಷಣದಲ್ಲಿ ತವುಡು ಮಾಯವಾಯಿತು.

ಬೆಳಿಗ್ಗೆ ಇಲ್ಲದ್ದು ಮಧ್ಯಾಹ್ನಕ್ಕೆ ಏನು ಬಂತು? ಜಡಿಮಳೆಯಲ್ಲಿ ಕುರಿಗಳನ್ನೆಲ್ಲ ಸೂರಿನಡಿ ಒತ್ತಿ ಕೂಡಿಹಾಕಿದಾಗ, ಕಾಲ ಕೆಳಗೆ ಹಿಕ್ಕೆ ಕೊಳೆತು, ಅವು ಕತ್ತು ಚಾಚಿ ತಡಿಕೆಯ ಸಂದಿಗೆ ಮೂಗಿಡುತ್ತಿದ್ದುದು ಅವಳಿಗೆ ನೆನಪಾಯಿತು.

"ಅಣ್ಣ, ಅವುಕ್ಕೆ ಅಸಿವಲ್ಲ. ಉಸ್ರು ಕಟ್ತಾ ಐತೆ."

"ಮೀನಿಗೆ ಮೂಗೆಲ್ಲೈತೆ, ತೋರ್ಸು ನೋಡಾನ."

"ಅದೆಲ್ಲೈತೋ ನಂಗೊತ್ತಿಲ್ಲ. ಇಕ್ಕೆ ಆಕೋದು ನಿಲ್ಸು. ಅರ್ಧ ಮೀನು ಈಗ್ಲೇ ಇಡ್ದು ಮಾರ್ಬಿಡಾನ."

"ಸುಮ್ಮಾ ಇರೇ! ಇಷ್ಟಿಷ್ಟುದ್ದ ಮೀನು ಸಂತೆಗೆ ಒಯ್ದ್ರೆ ನಗ್ತಾರೆ."

"ಬ್ಯಾಸ್ಗೆ ಮೇವು ನೋಡ್ಕಂಡು ನೀನು ಕುರಿ ಮಾರಾಕಿಲ್ವಾ? ನಿನ್ನಾಸೆ ನೋಡ್ಕಂಡು ಕುಂಟೆ ಅಗ್ಲ ಆಗ್ತದಾ?"

ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ತಾಯಿ ಯಲ್ಲಮ್ಮ ಕುಡುಗೋಲು ನಿಲ್ಲಿಸಿದಳು. "ಲೇ ಬೈರ, ಈ ಸಲದ ರಾಗಿ ತೆನೆ ನೋಡಿದ್ಯೇನ್ಲಾ? ಬೆರಳಷ್ಟೂ ಇಲ್ಲ. ನನ್ನ ಒಲದ ಗೊಬ್ರ ತಿಂದೇ ನಿನ್ ಮೀನು ಕೊಬ್ಬಿರಾದು. ಮೀನು ತೂಗ್ವಾಗ ಅದ್ನೂ ತೂಗು."

ಚಿನ್ನಕ್ಕ ತಾಯಿಯ ಕಡೆ ತಿರುಗಿದಳು. ಮೀನಿನ ತೂಕ ಎಲ್ಲಿಂದ ಬಂತೆಂದು ಅವಳೂ ಕೇಳಿಕೊಂಡಿರಲಿಲ್ಲ. ಬೈರಪ್ಪ ಗೊಣಗುತ್ತಲೇ ಬಲೆ ತರಲು ಹೋದ.

ಸಂತೆಯಲ್ಲಿ ನಕ್ಕರು ನಿಜ. ಆದರೆ ನಕ್ಕವರೇ ಕೊಂಡೂ ಹೋದರು. ಹಿಕ್ಕೆಯ ಮಂಕರಿಗಳು ಹೊಲದ ದಾರಿ ಹಿಡಿದವು. ಬೆಳಗಿನ ಬಾಯಿಗಳು ದಿನದಿನಕ್ಕೆ ಕಡಿಮೆಯಾಗಿ ಒಂದು ದಿನ ಕಾಣದೇ ಹೋದವು. ಆಮೇಲೆ ಎರಡು ದಿನ ಸೂರ್ಯನೇ ಕಾಣದ ಮೋಡ ಕವಿಯಿತು. ಮೀನು ಮತ್ತೆ ಮೇಲೆ ಬಂದವು.

"ನೋಡು, ತಿರ್ಗಾ!" ಬೈರಪ್ಪ ಏರಿಯ ಮೇಲಿಂದ ಕೂಗಿದ.

ಚಿನ್ನಕ್ಕ ಏರಿಯ ಮೇಲೆ ಕೂತೇ ಬಿಟ್ಟಳು. ಮೋಡ ಹರಿದು ಬಿಸಿಲು ಬಿತ್ತು. ನೀರಿನ ಹಸಿರು ಮಿಂಚಿತು. ನಿಧಾನವಾಗಿ ಒಂದೊಂದೇ ಮೀನು ಕೆಳಗಿಳಿಯಿತು. ಒಂದೂ ಸಾಯಲಿಲ್ಲ. ಬಿಸಿಲಿಗೂ ಆ ಹಸಿರಿಗೂ ಮೀನಿನ ಉಸಿರಿಗೂ ಏನು ನಂಟು? ಮೆಟ್ಟೂರಿಗೆ ಹೋದಾಗ ಕೇಳಬೇಕು ಅಂದುಕೊಂಡಳು.

"ಅಂಗಾದ್ರೆ ಬರೋ ವರ್ಸ ಎಷ್ಟು ಮರಿ ತರಾನ?" ಬೈರಪ್ಪ ಮೊದಲ ಸಲ ಅವಳನ್ನು ಕೇಳಿದ.

"ಇಂಥಾ ಮೋಡದ ದಿನಾನೂ ತಡ್ಕಳಾವಷ್ಟು," ಎಂದಳು ಚಿನ್ನಕ್ಕ, ನೀರಿನಿಂದ ಕಣ್ಣು ತೆಗೆಯದೆ.