ಗಾಜಿನ ಬೀರುವಿನ ಗಾಳಿಯಂತ್ರ

ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದಿ ಮುಗಿಸುವಷ್ಟರಲ್ಲಿ ವಿಜ್ಞಾನದ ಟೀಚರಿಗೆ ತಲೆ ಚಿಟ್ಟು ಹಿಡಿದಿತ್ತು. ಹನ್ನೊಂದು ಮಕ್ಕಳು ಒಂದೇ ಮಾತು ಬರೆದಿದ್ದರು: ‘ಗಾಳಿಯಂತ್ರಕ್ಕೆ ಕರೆಂಟು ಕೊಟ್ಟರೆ ಗಾಳಿ ಬರುತ್ತದೆ.’ ದೊಡ್ಡ ಪರೀಕ್ಷೆಗೆ ಎರಡೇ ತಿಂಗಳು.

ಶಾಲೆಯಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಈ ಯಂತ್ರದ ಮಾದರಿ ಇಲ್ಲವೆಂದಲ್ಲ. ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ಸಮೇತ, ನಾಲ್ಕು ವರ್ಷದಿಂದ ಅತಿಥಿಗಳಿಗೆ ದರ್ಶನ ಕೊಡುತ್ತಿತ್ತು. ಬೀಗದಕೈ ಅವರ ಜೇಬಿನಲ್ಲಿ.

“ಸಾರ್, ಒಂದೇ ಒಂದು ಪೀರಿಯಡ್ ಕೊಡಿ.”

“ಮಕ್ಕಳ ಕೈಗೆ ಕೊಟ್ರೆ ಮುರಿದು ಹಾಕ್ತಾರಮ್ಮ. ಗಾಜಿನಾಚೆಯಿಂದ ತೋರ್ಸಿ. ಕಣ್ಣಿಲ್ವಾ ಅವಕ್ಕೆ?”

“ಕಣ್ಣಿಂದ ನೋಡೇ ಸಾರ್, ಅದನ್ನ ಫ್ಯಾನ್ ಅಂದ್ಕೊಂಡಿರೋದು!”

ಸಂಜೆ ಟೀಚರು ರಿಪೇರಿ ಅಂಗಡಿ ಇಟ್ಟಿದ್ದ ಅಣ್ಣನ ಮುಂದೆ ಗೋಳು ತೋಡಿಕೊಂಡರು. ಅಣ್ಣ ಗುಜರಿ ಪ್ರಿಂಟರೊಂದರ ಹೊಟ್ಟೆ ಬಗೆದು, ಹೆಬ್ಬೆರಳು ಗಾತ್ರದ ಮೋಟಾರು ತೆಗೆದರು.

“ಇದಕ್ಕೆ ಕರೆಂಟ್ ಕೊಟ್ರೆ ತಿರುಗುತ್ತೆ. ಇದನ್ನೇ ತಿರುಗಿಸಿದ್ರೆ ಕರೆಂಟ್ ಕೊಡುತ್ತೆ. ರೆಕ್ಕೆಗೆ ನೀರಿನ ಬಾಟ್ಲಿ ಕತ್ತರ್ಸು, ಒಂದು ಕೆಂಪು ಎಲ್‌ಇಡಿ ದೀಪ ಸಿಕ್ಕಿಸು.”

“ಇಷ್ಟೇನಾ ಅಣ್ಣ?”

“ನಿಮ್ಮ ಸಾಹೇಬ್ರ ಬೀಗಕ್ಕೇ ಇದಕ್ಕಿಂತ ಜಾಸ್ತಿ ಖರ್ಚಾಗಿರುತ್ತೆ ಬಿಡು.”

ಮರುದಿನ ಮಕ್ಕಳು ರೆಕ್ಕೆ ಕತ್ತರಿಸಿ ಮೋಟಾರಿಗೆ ಜೋಡಿಸಿದರು. ಅದಕ್ಕೆ ಗಾಳಿ ಬೀಸಲೆಂದು ಟೀಚರು ಟೇಬಲ್ ಫ್ಯಾನಿನ ಸ್ವಿಚ್ಚಿಗೆ ಕೈ ಇಟ್ಟರೋ ಇಲ್ಲವೋ, ಬಾಗಿಲಲ್ಲಿ ಹೆಡ್‌ಮಾಸ್ಟರು.

“ಕರೆಂಟು ಸುಟ್ಟು ಕರೆಂಟು ತೆಗೀತೀರಾ? ಭಲೇ!”

ಟೀಚರು ಹಲ್ಲು ಕಚ್ಚಿಕೊಂಡು ತರಗತಿಯನ್ನೇ ಎಬ್ಬಿಸಿ ತಾರಸಿಗೆ ಕರೆದೊಯ್ದರು. ಹೆಡ್‌ಮಾಸ್ಟರೂ ಬೆನ್ನಿಗೇ ಬಂದರು. ಗಾಳಿಗೆ ರೆಕ್ಕೆ ಬಿರ್ರನೆ ತಿರುಗಿತು. ದೀಪ ಮಾತ್ರ ಜಪ್ಪಯ್ಯ ಎಂದರೂ ಹೊತ್ತಲಿಲ್ಲ.

“ನಾನು ಹೇಳ್ಲಿಲ್ವಾ?” ಹೆಡ್‌ಮಾಸ್ಟರ ಮುಖ ಅರಳಿತು.

“ಮಿಸ್, ದೀಪದ ಕಾಲು ಅದಲುಬದಲು ಮಾಡ್ಲಾ?” ತಪ್ಪು ಬರೆದ ಹನ್ನೊಂದರಲ್ಲಿ ಒಬ್ಬ ಹುಡುಗಿ ಕೇಳಿದಳು, ಉತ್ತರಕ್ಕೆ ಕಾಯದೆ ಮಾಡಿಯೂ ಬಿಟ್ಟಳು. ಎಲ್‌ಇಡಿಗೆ ಕರೆಂಟು ಒಂದೇ ದಿಕ್ಕಿನಿಂದ ಹೋಗಬೇಕಲ್ಲ, ಈಗ ಕೆಂಪಗೆ ಹೊತ್ತಿತು. ಗಾಳಿ ನಿಂತಾಗ ಆರಿತು. ಬೀಸಿದಾಗ ಮತ್ತೆ ಹೊತ್ತಿತು.

“ಅಯ್ಯೋ, ಕರೆಂಟು ಇದರಿಂದ ಬರೋದಾ! ನಾನು ಉಲ್ಟಾ ಬರ್ದಿದ್ದೆ ಮಿಸ್!”

ಹೆಡ್‌ಮಾಸ್ಟರು ಸೀದಾ ಕೆಳಗಿಳಿದು ಹೋಗಿ ಬೀರು ತೆರೆದರು. ಮಕ್ಕಳನ್ನು ತರಗತಿಗೆ ಕಳಿಸಿ ಟೀಚರೂ ಹಿಂದೆಯೇ ಬಂದರು. ಹೊದಿಕೆ ಬಿಚ್ಚಿ ರೆಕ್ಕೆ ತಿರುಗಿಸಿದರೆ ಆ ಮಾದರಿಯ ದೀಪ ಹೊತ್ತಲಿಲ್ಲ. ಒಳಗಿನ ತಂತಿಗೆಲ್ಲ ಕಿಲುಬು.

“ಇದನ್ನ ಯಾರೂ ಮುಟ್ಟೇ ಇಲ್ವಲ್ಲಮ್ಮ?”

“ಹೂಂ ಸಾರ್. ನಾಲ್ಕು ವರ್ಷದಿಂದ ಯಾರೂ ಮುಟ್ಟಿಲ್ಲ.”

ಅವರು ಬೀಗದಕೈಯನ್ನು ಟೀಚರ ಮುಂದಿಟ್ಟರು. “ಆ ಕಾಲು ಬದಲಾಯಿಸಿದ ಹುಡುಗೀನ ಕರೀರಿ. ಬಿಚ್ಚಿ ನೋಡ್ಲಿ.”

ಪೋಷಕರೇ, ಮೇಷ್ಟ್ರುಗಳೇ, ನಿಮ್ಮ ಶಾಲೆಯ ಬೀರುವಿನೊಳಗೆ ಏನೇನು ಕೂತಿದೆ, ನಾಳೆಯೇ ಕೇಳಿ. ಮನೆಯಲ್ಲಿ ಕೆಟ್ಟ ಪ್ರಿಂಟರೋ ಆಟಿಕೆ ಕಾರೋ ಇದ್ದರೆ ಗುಜರಿಗೆ ಹಾಕಬೇಡಿ, ವಿಜ್ಞಾನದ ಟೀಚರಿಗೆ ತಲುಪಿಸಿ. ಗೋಡೆಯ ಪ್ಲಗ್ಗಿನ ತಂಟೆಗೆ ಮಾತ್ರ ಮಕ್ಕಳು ಹೋಗುವುದು ಬೇಡ. ಮಿಕ್ಕದ್ದನ್ನು ಮುಟ್ಟಲಿ, ಮುರಿಯಲಿ, ಮತ್ತೆ ಜೋಡಿಸಲಿ.