ಹನ್ನೊಂದು ಹೆಸರು

"ಮೂರು ವರ್ಷದ ಹಿಂದೆಯೇ ಪರೀಕ್ಷೆ ಆಗಿದೆಯಲ್ಲ. ಆಗ ಏನೂ ಇರಲಿಲ್ಲ ಅಂತ ಬರೆದಿದ್ದಾರೆ," ಎಂದರು ಡಾಕ್ಟರಮ್ಮ, ಊರಿನ ಆರೋಗ್ಯ ಕೇಂದ್ರದಿಂದ ತಂದ ಕಾಗದವನ್ನು ಇನ್ನೊಮ್ಮೆ ತಿರುಗಿಸಿ ನೋಡುತ್ತ.

ಸೀರೆ ಸರಿಪಡಿಸಿಕೊಳ್ಳುತ್ತಿದ್ದ ಕಮಲಾವತಿ ತಲೆಯೆತ್ತಿದಳು. "ನನಗಾ? ನನಗೆ ಯಾರೂ ಎಂತ ಪರೀಕ್ಷೆಯೂ ಮಾಡ್ಲಿಲ್ಲ ಡಾಕ್ಟ್ರೆ."

ಪಕ್ಕದಲ್ಲಿ ಕುಳಿತಿದ್ದ ಹರಿಣಾಕ್ಷಿ ಆ ಕಾಗದದಿಂದ ಕಣ್ಣು ತೆಗೆದು ನೆಲ ನೋಡಿದಳು. ಅವಳು ಊರಿನ ಆಶಾ ಕಾರ್ಯಕರ್ತೆ. ಕಮಲಾವತಿಯನ್ನು ಪುತ್ತೂರಿಗೆ ಕರೆತಂದವಳೂ ಅವಳೇ. ಡಾಕ್ಟರಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟು, ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಸುತ್ತ ಹರಡಿದೆ, ಆಪರೇಷನ್ನಿಗೆ ತಡವಾಯಿತು, ಸೋಮವಾರವೇ ಮಂಗಳೂರಿಗೆ ಹೋಗಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಲು ಶುರುಮಾಡಬೇಕು ಎಂದು ಬಿಡಿಸಿ ಹೇಳಿದರು.

ಮೂರು ವರ್ಷದ ಹಿಂದೆ ಊರಿನಲ್ಲಿ ಈ ಕಾಯಿಲೆಯ ಪರೀಕ್ಷೆಯ ಶಿಬಿರ ನಡೆದಾಗ ನಲವತ್ತು ಹೆಂಗಸರು ಬರಬೇಕಿತ್ತು. ಬಂದವರು ಇಪ್ಪತ್ತೊಂಬತ್ತು. ಕಮಲಾವತಿಯ ಮನೆಗೆ ಹರಿಣಾಕ್ಷಿ ನಾಲ್ಕು ಸಲ ಹೋಗಿದ್ದಳು. "ಕಾಳುಮೆಣಸು ಕೊಯ್ಲಿಕ್ಕುಂಟು, ಇನ್ನೊಮ್ಮೆ ಬರ್ತೇನೆ ಮಾರಾಯ್ತಿ" ಎಂಬ ಉತ್ತರ ಸಿಕ್ಕಿತ್ತು. ಶಿಬಿರದ ದಿನ ಸಂಜೆಯೊಳಗೆ ಮೇಲಿನವರು ಮೂರು ಸಲ ಫೋನು ಮಾಡಿದರು. ಹಾಳೆ ತುಂಬುವುದು ಅವಳ ಪಾಲಿನ ಕೆಲಸ. ಕಾಲು ಸೋತಿತ್ತು. ಉಳಿದ ಹನ್ನೊಂದು ಹೆಸರನ್ನೂ ಬರೆದು, ಎಲ್ಲದರ ಮುಂದೆ ತೊಂದರೆಯಿಲ್ಲ ಎಂದು ತುಂಬಿಬಿಟ್ಟಳು.

ಕಳೆದ ವರ್ಷದ ಸಭೆಯಲ್ಲಿ ಅಧಿಕಾರಿಯೊಬ್ಬರು ಗೋಡೆಯ ಮೇಲೆ ಅಂಕಿಗಳ ನಕ್ಷೆಯ ಒಂದು ಗೆರೆ ತೋರಿಸಿದ್ದರು. ಈ ಕಾಯಿಲೆ ನಮ್ಮ ಕಡೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹರಿಣಾಕ್ಷಿಯೂ ತಟ್ಟಿದ್ದಳು. ಆ ಹೊತ್ತಿಗಾಗಲೇ ಕಮಲಾವತಿಗೆ, ಮುಟ್ಟು ನಿಂತು ನಾಲ್ಕು ವರ್ಷದ ಮೇಲೆ, ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಆರೋಗ್ಯ ಕೇಂದ್ರದವರು ಹಳೆಯ ಪಟ್ಟಿ ನೋಡಿ, ಗಾಬರಿ ಬೇಡ ಎಂದು ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದ್ದರು.

ಇಬ್ಬರೂ ಊರಿಗೆ ಹಿಂದಿರುಗುತ್ತಿದ್ದ ಕಡಬದ ಬಸ್ಸು ಉಪ್ಪಿನಂಗಡಿ ದಾಟಿತು.

"ಅಕ್ಕ, ಅದು ಬರ್ದದ್ದು ನಾನು."

"ಎಂತದು?"

"ನಿಮಗೆ ಪರೀಕ್ಷೆ ಆಗಿದೆ ಅಂತ. ನೀವು ಬರ್ಲಿಲ್ಲ. ನಾನೇ ಬರ್ದುಬಿಟ್ಟೆ."

ಕಮಲಾವತಿ ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಹೊರಗೆ ನೋಡುತ್ತಲೇ ಹೇಳಿದಳು: "ಕರೆದಾಗ ಬಾರದವಳು ನಾನೇ. ಅದು ಸರಿ. ಆದ್ರೆ ಎಂಟು ತಿಂಗಳು ಆ ಗುಳಿಗೆ ತಿಂದೆನಲ್ಲ ಹರಿಣಾಕ್ಷಿ. ಎಂತ ಇಲ್ಲ ಅಂತ ನಂಬಿ ತಿಂದೆ."

ಹರಿಣಾಕ್ಷಿಯ ಕಣ್ಣು ತುಂಬಿತು.

"ಅಳ್ಬೇಡ. ನಿನ್ನನ್ನು ಸಮಾಧಾನ ಮಾಡ್ಲಿಕ್ಕೆ ನನಗೀಗ ಆಗುದಿಲ್ಲ. ಸೋಮವಾರ ಮಂಗ್ಳೂರಿಗೆ ಯಾರು ಬರುದು? ನಮ್ಮ ಮನೆಯವರ ಮಂಡಿನೋವು ನಿನಗೆ ಗೊತ್ತುಂಟಲ್ಲ."

"ನಾನು ಬರ್ತೇನೆ."

"ಬರ್ಬೇಕು," ಎಂದು ಕಮಲಾವತಿ ಕಣ್ಣು ಮುಚ್ಚಿದಳು. ಪೆರಾಬೆಯಲ್ಲಿ ಇಳಿಯುವವರೆಗೂ ತೆರೆಯಲಿಲ್ಲ.

ಮರುದಿನ ಹರಿಣಾಕ್ಷಿ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಆರೋಗ್ಯ ಕೇಂದ್ರದ ವೈದ್ಯರ ಮೇಜಿನ ಮೇಲಿಟ್ಟಳು. ಅವರು ಓದಿ ಹಣೆ ಉಜ್ಜಿಕೊಂಡರು.

"ಆ ವರ್ಷದ ಪಟ್ಟಿ ಯಾವತ್ತೋ ಮೇಲೆ ಹೋಯ್ತು ಮಾರಾಯ್ತಿ. ಈಗ ಇದನ್ನು ಕಳಿಸಿದ್ರೆ ನಿನ್ನ ಕೆಲಸ ಉಳಿಯುದಿಲ್ಲ."

"ಗೊತ್ತುಂಟು ಸಾರ್. ಅದು ಹೋಗುದಾದ್ರೆ ಹೋಗ್ಲಿ. ಬಾಕಿ ಹತ್ತು ಜನ ಇದ್ದಾರಲ್ಲ. ಅವರನ್ನು ಕರ್ಕೊಂಡು ಬಂದ್ರೆ ನೋಡ್ತೀರಾ?"

ವೈದ್ಯರು ಗೋಡೆಯ ಗಡಿಯಾರ ನೋಡಿ, "ಮಧ್ಯಾಹ್ನ ಎರಡರವರೆಗೆ ನರ್ಸ್ ಇರ್ತಾರೆ," ಎಂದರು.

ಮೊದಲ ಮನೆ ಗುಡ್ಡದ ಮೇಲಿನ ಅಚ್ಚಾಮ್ಮನದು. ಹರಿಣಾಕ್ಷಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿದಳು. ಅಚ್ಚಾಮ್ಮ ಅಂಗಳದ ತಂತಿಗೆ ರಬ್ಬರ್ ಶೀಟು ನೇತುಹಾಕುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು, ಸುಳ್ಳು ಬರೆದದ್ದನ್ನೂ.

"ಇವತ್ತೇ ಹೋಗ್ಬೇಕಾ?"

"ಇವತ್ತೇ."

ಅಚ್ಚಾಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಳ್ಳುತ್ತ ಸೀರೆ ಉಡಲು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಹರಿಣಾಕ್ಷಿ ಕೂರಲಿಲ್ಲ. ತಂತಿಯ ಮೇಲಿನ ಬಿಳಿ ಶೀಟುಗಳಿಂದ ನೀರು ತೊಟ್ಟು ತೊಟ್ಟಾಗಿ ಅಂಗಳದ ಮಣ್ಣಿಗೆ ಬೀಳುತ್ತಿತ್ತು.